ಬಿಚ್ಚಿದ ಸಾಲುಗಳು

ಬೆಳಗಿನಿಂದ ಅಕ್ಕನಿಗೆ ಇದು ಮೂರನೆಯ ಸಲ ಎಣಿಕೆ ತಪ್ಪುತ್ತಿರುವುದು. ಮಗ್ಗದ ಮುಂದಿನ ಹಲಗೆಯ ಮೇಲೆ ಕೂತು ಅವಳು ‘ಎರಡು ಕೆಂಪು, ಒಂದು ಕಪ್ಪು, ಮತ್ತೆ ಎರಡು ಕೆಂಪು’ ಎಂದು ಹೇಳುತ್ತ ಹೋಗಬೇಕು. ಅದೇ ಹಲಗೆಯ ಇನ್ನೊಂದು ತುದಿಯಲ್ಲಿ ಕೂತ ತಂಗಿ ಅದರಂತೆ ಮೇಲಿಂದ ಕೆಳಗೆ ಬಿಗಿದ ಹಾಸಿನ ನೂಲಿಗೆ ಉಣ್ಣೆಯ ಗಂಟು ಹಾಕುತ್ತ ಬರಬೇಕು. ಅವರ ಬುಡಕಟ್ಟಿನಲ್ಲಿ ರತ್ನಗಂಬಳಿಯ ಚಿತ್ತಾರವನ್ನು ಯಾರೂ ಕಾಗದದ ಮೇಲೆ ಬರೆದಿಟ್ಟವರಲ್ಲ. ಆಡಿನ ಕೊಂಬು, ಎಂಟೆಸಳಿನ ಹೂವು, ಅಂಚಿನ ಏಣಿ ಎಲ್ಲವೂ ಹಿರಿಯಳ ಬಾಯಲ್ಲೇ ಇರಬೇಕು. ಒಬ್ಬಳು ಎಣಿಸಿದರೆ ಇನ್ನೊಬ್ಬಳು ಆ ಗೋಜಿಗೇ ಹೋಗುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಎಣಿಕೆ ಅಕ್ಕನದು, ತಂಗಿಯದು ಬರೀ ಕೈ.

ಎಣಿಕೆ ತಪ್ಪಲು ಕಾರಣ ತಂಗಿಯ ಬ್ಯಾಗು. ಪಟ್ಟಣದಲ್ಲಿ ಹಳೆಯ ರತ್ನಗಂಬಳಿಗಳನ್ನು ರಿಪೇರಿ ಮಾಡುವ ಅಂಗಡಿಯೊಂದಿತ್ತು. ಅದರ ಒಡತಿಗೆ ಒಬ್ಬಳು ಕೆಲಸದವಳು ಬೇಕಾಗಿದ್ದಳು. ಈ ಕಂಬಳಿ ಮುಗಿಯುತ್ತಲೇ ತಾನೇ ಬಂದು ನೋಡುತ್ತೇನೆ, ಕೈಕೆಲಸ ಹಿಡಿಸಿದರೆ ಚಿಕ್ಕವಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದಳು. ಅಪ್ಪ ಒಪ್ಪಿದ. ತಂಗಿ ಅವತ್ತೇ ಸಂಜೆ ಬ್ಯಾಗಿನ ಕಿತ್ತ ಹಿಡಿಕೆ ಹೊಲಿದು ಮೊಳೆಗೆ ತೂಗುಹಾಕಿದಳು. ‘ಒಳ್ಳೇದೇ ಆಯ್ತು ಬಿಡು’ ಎಂದಿದ್ದ ಅಕ್ಕನಿಗೆ ಆಮೇಲೆ ಮುಳ್ಳಿನ ಮೇಲೆ ಕೂತಂತಾಯಿತು. ನೀರು ಕುಡಿಯಲು ಎದ್ದರೆ ಯಾಕೆ ಎದ್ದೆ ಎಂಬುದೇ ಮರೆಯುತ್ತಿತ್ತು. ಕಂಬಳಿ ಒಂದೊಂದು ಬೆರಳು ಮೇಲೇರಿದಂತೆಲ್ಲ ಅವಳು ಉಳಿದ ಹಾಸಿನ ಮೇಲೆ ಬೆರಳಿಟ್ಟು ಅಳೆಯುತ್ತಿದ್ದಳು. ಕಂಬಳಿ ಮುಗಿದರೆ ತಂಗಿ ಹೊರಟಳು. ಅಂದರೆ ಕಂಬಳಿ ಮುಗಿಯಕೂಡದು.

ಹುಚ್ಚು ಎನ್ನಿ, ಅವಳು ಮಾಡಿದ್ದು ಇದನ್ನೇ. ಮಧ್ಯಾಹ್ನ ಊಟವಾದ ಮೇಲೆ ತಂಗಿ ಕಾಲುವೆಯಲ್ಲಿ ಉಣ್ಣೆ ತೊಳೆಯಲು ಹೋಗುತ್ತಿದ್ದಳು, ಅಪ್ಪ ಉಣ್ಣೆಗೆ ಬಣ್ಣ ಹಾಕುವ ಕೋಣೆಯ ಬಾಗಿಲಲ್ಲಿ ಗೊರಕೆ ಹೊಡೆಯುತ್ತಿದ್ದ. ಆ ಒಂದು ಗಂಟೆಯಲ್ಲಿ ಅಕ್ಕ ಅಡ್ಡ ಹಾಯಿಸಿದ ಹೊಕ್ಕಿನ ನೂಲನ್ನು ಎಳೆದು ತೆಗೆದು, ಮೊಂಡು ಸೂಜಿಯಿಂದ ಗಂಟುಗಳನ್ನು ಒಂದೊಂದಾಗಿ ಸಡಿಲಿಸಿ, ಎರಡು ಸಾಲು ಬಿಚ್ಚುತ್ತಿದ್ದಳು. ಬಿಚ್ಚಿದ ಉಣ್ಣೆ ಬೆರಳಿನ ಗೆಣ್ಣಿನಷ್ಟು ಉದ್ದದ ತುಣುಕು, ಮತ್ತೆ ಯಾವ ಕೆಲಸಕ್ಕೂ ಬಾರದು. ಅದನ್ನೆಲ್ಲ ತನ್ನ ದಿಂಬಿನೊಳಗೆ ತುರುಕುತ್ತಿದ್ದಳು. ತಂಗಿ ಬಂದು ಕೂತಾಗ ಎಣಿಕೆ ಎರಡು ಸಾಲು ಹಿಂದಿನಿಂದ ಶುರುವಾಗುತ್ತಿತ್ತು. ಎಣಿಸದವಳಿಗೆ ಅದು ಹೇಗೆ ಗೊತ್ತಾಗಬೇಕು? ಒಮ್ಮೊಮ್ಮೆ ಮಾತ್ರ ತಂಗಿ ತನ್ನ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಹೀಗೆ ಹನ್ನೆರಡು ದಿನ ನಡೆಯಿತು.

ಲೋಕದ ಗಂಟನ್ನೆಲ್ಲ ಎಣಿಸುವ ಈ ಜಾಣೆ ಉಣ್ಣೆಯ ಲೆಕ್ಕ ಮರೆತಿದ್ದಳು. ಒಂದು ಕಂಬಳಿಗೆ ಬೇಕಾಗುವ ಕೆಂಪನ್ನು ಅಪ್ಪ ತೂಕ ಮಾಡಿ, ಒಂದೇ ದಿನ ಒಂದೇ ಹಂಡೆಯಲ್ಲಿ ಅದ್ದಿಡುತ್ತಾನೆ. ಹದಿಮೂರನೆಯ ದಿನ ಕೆಂಪು ಉಂಡೆಗೆ ಕೈ ಹಾಕಿದರೆ ಬುಟ್ಟಿಯ ತಳ ಸಿಕ್ಕಿತು. ಕಂಬಳಿ ಇನ್ನೂ ನಾಲ್ಕು ಬೆರಳು ಬಾಕಿ ಇತ್ತು.

ಅಪ್ಪ ಮತ್ತೆ ಹಂಡೆ ಏರಿಸಿದ. ಅದೇ ಮಂಜಿಷ್ಠದ ಬೇರು, ಅದೇ ಪಟಿಕ, ಅದೇ ಸೌದೆ. ಆದರೆ ಬೇರಿನ ಬಣ್ಣ ಯಾರಪ್ಪನ ಮಾತೂ ಕೇಳುವುದಿಲ್ಲ. ಉಣ್ಣೆ ಒಣಗಿದ ಮೇಲೆ ನೋಡಿದರೆ ದಾಳಿಂಬೆ ಕಾಳಿನ ಕೆಂಪಿನ ಬದಲು ಇಟ್ಟಿಗೆಯ ಕೆಂಪು. ಬೇರೆ ದಾರಿಯಿಲ್ಲದೆ ಅದರಲ್ಲೇ ನೇಯ್ದರು. ಕೊನೆಯ ನಾಲ್ಕು ಬೆರಳು ಕುರುಡರಿಗೂ ಕಾಣುವಂತೆ ಎದ್ದು ನಿಂತಿತು. ಅಪ್ಪ ದಿನವಿಡೀ ಗೊಣಗಿದ. ಚಿಕ್ಕವಳಿಗೆ ಮನಸ್ಸು ಆಗಲೇ ಪಟ್ಟಣಕ್ಕೆ ಹೋಗಿದೆ, ಗಂಟು ಹಾಕಿ ಮೊಳದುದ್ದ ಬಾಲ ಕತ್ತರಿಸಿ ಎಸೆದಿದ್ದಾಳೆ, ಇಲ್ಲದಿದ್ದರೆ ತೂಕದ ಉಣ್ಣೆ ಎಲ್ಲಿ ಹೋಗುತ್ತದೆ ಎಂದ. ತಪ್ಪು ತನ್ನದೆಂದು ಅಕ್ಕ ಬಾಯಿಬಿಡಲಿಲ್ಲ. ರಾತ್ರಿ ಆ ಉಬ್ಬಿದ ದಿಂಬಿನ ಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ.

ಒಡತಿ ಬಂದಾಗ ಕಂಬಳಿ ಇನ್ನೂ ಮಗ್ಗದ ಮೇಲೆಯೇ ಇತ್ತು. ಗಿಡ್ಡ ಹೆಂಗಸು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಬೆಲ್ಲ, ನೀರು ಏನೂ ಬೇಡವೆಂದು ನೇರವಾಗಿ ಮಗ್ಗದ ಹಿಂದೆ ನುಗ್ಗಿದಳು. ಕಂಬಳಿಯ ನಿಜ ಬೆನ್ನಿನಲ್ಲಿರುತ್ತದೆ ಎಂದು ಬಲ್ಲವಳು. ಗಂಟು ಚೆನ್ನಾಗಿದೆ ಎಂದಳು, ಬಿಗಿ ಒಂದೇ ಸಮ ಇದೆ ಎಂದಳು. ಆಮೇಲೆ ಮುಂದೆ ಬಂದು ಇಟ್ಟಿಗೆಯ ಕೆಂಪಿನ ಪಟ್ಟಿಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದಳು. ಅಪ್ಪ ತನ್ನ ಗೊಣಗಾಟವನ್ನೇ ಒಪ್ಪಿಸಿದ.

ಒಡತಿ ಕನ್ನಡಿಯನ್ನು ಒರೆಸಿ ಎದೆಯ ಮೇಲೆ ಇಳಿಬಿಟ್ಟಳು. ತನ್ನಲ್ಲಿಗೆ ಬರುವುದು ನೂರು ವರ್ಷದ ಉಣ್ಣೆ, ಒಂದು ಎಳೆ ಹಾಳಾದರೆ ಇನ್ನೊಂದು ಎಳೆ ಲೋಕದಲ್ಲೆಲ್ಲೂ ಸಿಗುವುದಿಲ್ಲ, ಕೈ ಜೋಕೆ ಇಲ್ಲದವಳನ್ನು ಇಟ್ಟುಕೊಂಡು ಏನು ಮಾಡಲಿ ಎಂದಳು. ತಂಗಿ ಗೋಡೆಯ ಮೊಳೆಯ ಕಡೆ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದಳು.

ಅಕ್ಕನಿಗೆ ಬೇಕಾಗಿದ್ದು ಕೈಗೆ ಬಂದಿತ್ತು. ಸುಮ್ಮನೆ ನಿಂತಿದ್ದರೆ ಸಾಕು, ನಾಳೆ ಬೆಳಗ್ಗೆ ಅದೇ ಹಲಗೆ, ಅದೇ ಇಬ್ಬರು. ಆದರೆ ತಂಗಿ ಆಗ ಮೆಲ್ಲಗೆ ಹೇಳಿದ ಮಾತು ಅವಳನ್ನು ನಿಲ್ಲಗೊಡಲಿಲ್ಲ.

“ಇರಬಹುದು. ಈ ನಡುವೆ ನನ್ನ ಕೈ ನಿಧಾನ ಆಗಿದೆ. ಬೆಳಗ್ಗೆಯಿಂದ ಸಂಜೆವರೆಗೂ ಕೂತ್ರೂ ಕಂಬಳಿ ಏರ್ತಾನೇ ಇರ್ಲಿಲ್ಲ. ಏನಾಗಿದೆ ನಂಗೆ ಅಂತ ನಂಗೇ ಭಯ ಆಗಿತ್ತು.”

“ನಿನ್ನ ಕೈಗೆ ಏನೂ ಆಗಿಲ್ಲ,” ಎಂದಳು ಅಕ್ಕ. “ನೀನು ನೇಯ್ದಿದ್ದನ್ನ ದಿನಾ ಮಧ್ಯಾಹ್ನ ನಾನೇ ಬಿಚ್ತಿದ್ದೆ. ನೀನು ಹೋಗಬಾರದು ಅಂತ.”

ಅಪ್ಪ ಉಣ್ಣೆಯ ಬುಟ್ಟಿಯನ್ನು ಕಾಲಿನಿಂದ ಒದ್ದ. ತಂಗಿ ಅಕ್ಕನ ಕಡೆ ತಿರುಗಲೂ ಇಲ್ಲ; ಆ ಕತ್ತು ತಿರುಗದಿದ್ದುದು ಅಕ್ಕನಿಗೆ ಕಪಾಳಕ್ಕೆ ಬಿದ್ದಂತಾಯಿತು. ಒಡತಿ ಮಾತ್ರ ಥಟ್ಟನೆ ಕನ್ನಡಿ ಎತ್ತಿಕೊಂಡು ಮತ್ತೆ ಮಗ್ಗದ ಹಿಂದೆ ಹೋದಳು. ಯಾವ ಜಾಗದಲ್ಲಿ ಬಿಚ್ಚಿದ್ದು ಎಂದು ಕೇಳಿದಳು, ಅಕ್ಕ ತೋರಿಸಿದಳು. ಎಷ್ಟೋ ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ಬಂದಾಗ ಅವಳ ದನಿಯೇ ಬೇರೆಯಾಗಿತ್ತು.

“ಹಾಸಿನ ಒಂದು ನೂಲಿಗೂ ಗಾಯ ಆಗಿಲ್ಲ. ಗಂಟು ಹಾಕೋರು ಊರೂರಲ್ಲೂ ಇದಾರೆ. ಹೀಗೆ ಬಿಚ್ಚೋರನ್ನ ನಾನು ಇಲ್ಲೀವರೆಗೂ ನೋಡಿಲ್ಲ. ಹಳೇ ಕಂಬಳಿ ರಿಪೇರಿ ಅಂದ್ರೆ ಮುಕ್ಕಾಲು ಪಾಲು ಇದೇ ಕೆಲಸ. ನೀವೇ ಬರ್ತೀರಾ?”

ನೋಡಿ, ಎಂಥ ಪೇಚು. ಹೋಗಬೇಡ ಎಂದು ತಂಗಿಯನ್ನು ಹಿಡಿದವಳಿಗೇ ಹೋಗು ಎನ್ನುತ್ತಿದ್ದಾರೆ. ಅಕ್ಕನಿಗೆ ಒಂದು ಗಳಿಗೆ ತಲೆ ಗಿಮ್ಮೆಂದಿತು, ಹೊಗಳಿಕೆ ಸಿಹಿಯಾಗಿಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ತಂಗಿ ಎದ್ದು ಮೊಳೆಯಿಂದ ಬ್ಯಾಗು ತೆಗೆದು ಅಕ್ಕನ ಕಾಲ ಬಳಿ ಇಟ್ಟು, ಮತ್ತೆ ತನ್ನ ಜಾಗದಲ್ಲಿ ಕೂತಳು. ಎಣಿಕೆ ಬಾರದ ಹುಡುಗಿ, ಎಣಿಸುವವಳು ಬಿಟ್ಟುಹೋಗಲಿರುವ ಮಗ್ಗದ ಮುಂದೆ.

“ನನಗೆ ಬರೋದನ್ನ ಅವಳಿಗೆ ಕಲಿಸ್ತೀನಿ,” ಎಂದಳು ಅಕ್ಕ. “ಎಂಟು ದಿನ ಕೊಡಿ. ಆಮೇಲೆ ಬಂದು ನೋಡಿ.”

ಇಟ್ಟಿಗೆಯ ಕೆಂಪು ಹೇಗೂ ಬಿಚ್ಚಬೇಕಾದದ್ದೇ. ಮರುದಿನದಿಂದ ಅದೇ ಪಾಠವಾಯಿತು. ಮೊದಲ ದಿನ ತಂಗಿ ಮೂರು ಕಡೆ ಹಾಸಿನ ನೂಲು ಕಡಿದಳು, ಅಕ್ಕ ಗಂಟಿಕ್ಕಿ ಕೊಟ್ಟಳು. ಸೂಜಿಯಿಂದ ಎಳೀಬೇಡ, ಗಂಟಿನ ಕುತ್ತಿಗೆ ಹುಡುಕು ಎಂದಳು. ಆ ಮಾತು ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿರಲಿಲ್ಲ. ಎರಡನೆಯ ದಿನ ಒಂದೇ ಕಡೆ ಕಡಿಯಿತು. ನಾಲ್ಕನೆಯ ದಿನ ಕಡಿಯಲಿಲ್ಲ, ಆದರೆ ಅರ್ಧ ಸಾಲಿಗೇ ಸಂಜೆಯಾಯಿತು. ಕೈ ಹತೋಟಿಗೆ ಬಂದಷ್ಟೂ ಅಕ್ಕನ ಸಂಕಟ ಹೆಚ್ಚುತ್ತಿತ್ತು.

ಏಳನೆಯ ದಿನ ಮಧ್ಯಾಹ್ನ ತಂಗಿ ಒಂದು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಬಿಚ್ಚಿ ಸೂಜಿ ಕೆಳಗಿಟ್ಟಳು. ಏಳು ದಿನದಲ್ಲಿ ಮೊದಲ ಸಲ ಅಕ್ಕನ ಮುಖ ನೋಡಿದಳು.

“ಸರಿ ಇದೆಯಾ ಅಕ್ಕಾ?”

ಅಕ್ಕ ಹಾಸಿನ ಒಂದೊಂದು ನೂಲನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಒಂದೇ ಒಂದು ಗಾಯ ಸಿಗಲಿ ಎಂದು ಮನಸಾರೆ ಹುಡುಕಿದಳು. ಎರಡನೆಯ ಸಲವೂ ಮೊದಲಿನಿಂದ ಹುಡುಕಿಕೊಂಡು ಬಂದಳು.

“ಸರಿ ಇದೆ,” ಎಂದಳು.