ಫಾಂಟಿಂದಷ್ಟ ತ್ರಾಸ

ನನ್ನ ನಾಲಿಗಿಗೆ ಬೆಂಕಿ ಹಾಕಬೇಕು. ನೋಡದನ ಫೋನಿನ್ಯಾಗ ಒಂದು ಮಾತಂದು, ಅಜ್ಜನ ನಲವತ್ತು ಅಲಾಯಿ ಪದ ಕಳದೆ.

ಅಜ್ಜ ಮಲೀಕಸಾಬ ಮಸ್ಕ್ಯಾಗ ಮೊಹರಮ್ಮಿಗೆ ಈ ಅಲಾಯಿ ಪದ ಹಾಡಾಂವ. ಓದು ಬರಹ ಇಲ್ಲ, ಎಲ್ಲಾ ಬಾಯಾಗ. ದನಿ ಒಡದ ಮ್ಯಾಲೆ, "ಮುಂದ ನನ್ನ ಹೊಸಾ ಶಿಷ್ಯ ದೊಡ್ಡಬಸಪ್ಪ ಹಾಡ್ತಾನ, ಅವಗ ಬರದು ಇಡ್ರಿ. ಈ ಒಡಕ ದನಿ ಮಾತ್ರ ಫೋನಿನ್ಯಾಗ ಹಿಡೀಬ್ಯಾಡ್ರಿ" ಅಂದ. ಅಜ್ಜನ ಕೂಡ ಇರೋ ನನ್ನ ತಂಗಿ ಅತೀಯಾ ನೋಟ್‌ಬುಕ್ ತಂದಳು. ನಾ ಸಿಂಧನೂರಾಗ ಕಂಪ್ಯೂಟರ್ ಅಂಗಡಿ ಇಟ್ಟಾಂವ, ಸೊಕ್ಕು ಬಿಡಬೇಕಲ್ಲ! "ಯಾವ ಕಾಲದಾಗ ಅದೀ ಬೇ?" ಅಂದು, ಪದ ಟೈಪ್ ಮಾಡಿ ಇಡಾಕ ಜಾವಾದಾಗ ಪ್ರೋಗ್ರಾಮ್ ಮಾಡಿ, ಒಂದ ಫೈಲಾಗಿ ಕಟ್ಟಿ ಅಕಿ ಕಂಪ್ಯೂಟರಿಗೆ ಕಳಿಸಿದೆ. ನನ್ನ ಮಷೀನಿನ್ಯಾಗ ಕನ್ನಡ ಮುತ್ತಿನಂಗ ಬರ್ತಿತ್ತು.

ಮರುದಿನ ಅತೀಯಾ ಫೋನ್ ಮಾಡಿದಳು. "ಭಾಯಿ, ಟೈಪ್ ಮಾಡುವಾಗ ಚಂದ ಕಾಣ್ತೈತಿ. ಮುಚ್ಚಿ ತೆಗದರ ಬರೇ ಪ್ರಶ್ನಾರ್ಥಕ ಚಿಹ್ನಿ."

"ಫಾಂಟಿಂದಷ್ಟ ತ್ರಾಸ. ಅಕ್ಷರ ಒಳಗ ಅದಾವ. ನೀ ಸುಮ್ನ ಬರಕೋತ ಹೋಗು, ನಾ ಬಂದು ಫಾಂಟ್ ಹಾಕ್ತೀನಿ."

ಕನ್ನಡ ಕೆಟ್ಟು ಕಂಡರ ನಮ್ಮ ಕಡೆ ಅಂಗಡಿ ಮಂದಿ ಎಲ್ಲಾರೂ ಹೇಳೋದು ಇದನ್ನ. ಇಪ್ಪತ್ತು ದಿನ ಅಜ್ಜ ಹೇಳಿದ, ಅಕಿ ಬರದಳು. ಊರು ಸುಟ್ಟರೂ ಹನುಮಪ್ಪ ಹೊರಗ ಅನ್ನಂಗ ನಾ ಅಂಗಡ್ಯಾಗ ಕುಂತೆ. ಮಸ್ಕಿ ಏನ್ ದೂರ ಇತ್ತು?

ಇಪ್ಪತ್ತೊಂದನೇ ದಿನ ಅಜ್ಜಗ ಲಕ್ವಾ ಹೊಡೀತು. ಮಾತು ಹೋತು.

ಆವಾಗ ಓಡಿ ಹೋಗಿ ಫೈಲ್ ಬಿಚ್ಚಿದೆ. ಫಾಂಟಿಂದಲ್ಲ. ಕನ್ನಡಕ್ಕ ಯುಟಿಎಫ್-೮ ಅನ್ನೋ ಅಕ್ಷರ ಪದ್ಧತಿ ಬಳಸು ಅಂತ ನನ್ನ ಮಷೀನಿಗೆ ಹೇಳಿದ್ದೆ, ಕಟ್ಟಿ ಕಳಿಸಿದ ಪ್ರೋಗ್ರಾಮಿಗೆ ಹೇಳಿರಲಿಲ್ಲ. ಅಕಿ ಕಂಪ್ಯೂಟರಿನ್ಯಾಗಿನ ಹಳೇ ಜಾವಾಕ್ಕ ಇಂಗ್ಲಿಷ್ ಅಷ್ಟ ಗೊತ್ತು. ಸೇವ್ ಮಾಡುವಾಗ ಕನ್ನಡದ ಒಂದೊಂದು ಅಕ್ಷರ ತೆಗದು ಒಂದೊಂದು ಪ್ರಶ್ನಾರ್ಥಕ ಚಿಹ್ನಿ ಇಟ್ಟಿತ್ತು. ಒಳಗೂ ಅದ, ಹೊರಗೂ ಅದ. ಒಂದ ಸಾಲು ಸೇರಿಸಿದೆ, ಪ್ರೋಗ್ರಾಮ್ ಸರಿ ಆತು. ಇನ್ನ ಬರಿಯೋದು ಉಳೀತೈತಿ, ಬರದದ್ದು ಹೋತು. ಅಯ್ಯೋ ನನ್ನ ಶಾಣ್ಯಾತನಾ!

ಮೊನ್ನೆ ದೊಡ್ಡಬಸಪ್ಪ ಬಂದ. "ಮೊಹರಮ್ಮಿಗೆ ಎಂಟ ದಿನ ಉಳದೈತಿ. ಪದ ಕೊಡಪಾ ಆಸೀಮ್."

ಮಂಚದ ಮ್ಯಾಲಿದ್ದ ಅಜ್ಜ, ನೆಟ್ಟಗಿದ್ದ ಕೈಲೆ ಅತೀಯಾಗ ಕಂಪ್ಯೂಟರ್ ತೋರಿಸಿ, ಓದು ಅಂತ ಸನ್ನಿ ಮಾಡಿದ. ಪದ ಹೋದದ್ದು ಅಜ್ಜಗ ಯಾರೂ ಹೇಳಿರಲಿಲ್ಲ. ಅತೀಯಾ ಆ ಚಿಹ್ನಿಗೋಳ ಮುಂದ ಕುಂತು, ನೆನಪಿನ್ಯಾಗಿಂದ ಎರಡು ಸಾಲು ಹೇಳಿದಳು. ಅಜ್ಜ ಮಂಚದ ಪಟ್ಟಿ ಮ್ಯಾಲೆ ತಾಳ ಹಾಕಾಕತ್ತಿದ. ಮೂರನೇ ಸಾಲಿಗೆ ಅಕಿ ನಿಲ್ಲಿಸಿದಳು. ಅಜ್ಜನ ತಾಳ ನಿಲ್ಲಲಿಲ್ಲ.

ಅಕಿ ನನ್ನ ಕಡೆ ಹೊಳ್ಳಿ ಸಣ್ಣಗ ಅಂದಳು: "ಒಳಗ ಅದಾವ ಅಂದಿದ್ದಿ ಭಾಯಿ. ಅದಕ್ಕ ನಾ ನೆನಪಿಟ್ಟಗೊಳ್ಳಲಿಲ್ಲ."