ಪಾಲಿಶ್ ಕೆಳಗಿನ ಬಿಳಿ ಅಂಚು

ಬೆಳಿಗ್ಗೆ ಅಂಗಡಿ ತೆರೆದು ಟೈಲರಕ್ಕ ಕಪಾಟಿನ ಅಂಚಿಗೆ ಕೈಯಿಟ್ಟಳು. ಬೆರಳು ಹಲಗೆಯೊಳಕ್ಕೇ ಇಳಿಯಿತು. ಒಳಗೆ ಮರವಿರಲಿಲ್ಲ, ಮಣ್ಣಿತ್ತು, ಮಣ್ಣಿನಲ್ಲಿ ಗೆದ್ದಲು ಹರಿದಾಡುತ್ತಿತ್ತು. ಗಿರಾಕಿಗಳು ನಂಬಿ ಕೊಟ್ಟ ಬಟ್ಟೆಗಳನ್ನೆಲ್ಲ ಅವಳು ಸರಸರನೆ ಕೆಳಗಿಳಿಸಿದಳು. ಒಂದು ಹೊಸ ಬಟ್ಟೆಯ ಅಂಚು ಆಗಲೇ ಜರಡಿಯಾಗಿತ್ತು.

"ರೀ, ಇದು ತೇಗದ ಕಪಾಟು ಅಂದಿದ್ರಲ್ಲ?"

ಪಕ್ಕದ ಕ್ಷೌರದಂಗಡಿಯಿಂದ ಗಂಡ ಬಾಚಣಿಗೆ ಹಿಡಿದೇ ಬಂದ. "ತೇಗಾನೇ ಕಣೇ. ತೇಗಾನ ಗೆದ್ದಲು ಮುಟ್ಟಲ್ಲ."

"ಗೆದ್ದಲಿಗೆ ಯಾರೂ ಹೇಳಿಲ್ಲ ಅಂತ ಕಾಣತ್ತೆ."

"ಹಾಗಾದ್ರೆ ಬಡಗಿ ಟೋಪಿ ಹಾಕಿದಾನೆ. ಇನ್ನು ಮರದ ಸಹವಾಸಾನೇ ಬೇಡ."

ಸಂಜೆ ನಾದಿನಿ ಬಂದಳು. ಮರಗಳ ಬಾಳಿಕೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಹಲಗೆಯನ್ನು ತಿರುಗಿಸಿ ನೋಡಿ, ಬ್ಲೇಡಿನಿಂದ ಪಾಲಿಶ್ ಕೆರೆದಳು.

"ಬಡಗೀನ ಬೈಬೇಡ ಅಣ್ಣ, ಮರ ತೇಗಾನೇ. ಅತ್ತಿಗೆ, ಈ ಹಲಗೆಗೆ ಒಂದು ಕಡೆ ಬಿಳಿ ಅಂಚು ಇತ್ತಾ?"

ಟೈಲರಕ್ಕನಿಗೆ ನೆನಪಾಯಿತು. "ಇತ್ತು. ಕೊಯ್ದು ತೆಗೀತೀನಿ ಅಂದ ಬಡಗಿ. ಅಷ್ಟು ಅಗಲ ಯಾಕೆ ಹಾಳು ಮಾಡ್ತೀಯಾ ಅಂತ ನಾನೇ ಉಳಿಸ್ಕೊಂಡೆ."

"ತುಂಡು ಬಟ್ಟೆ ಬಿಸಾಡದವಳು ತುಂಡು ಮರ ಬಿಡ್ತಾಳಾ?" ಎಂದ ಗಂಡ.

"ನೀವೇನು ಕಮ್ಮಿ? ಎಲ್ಲ ಒಂದೇ ಬಣ್ಣ ಇರ್ಲಿ ಅಂತ ಪಾಲಿಶ್ ಹೊಡೆಸಿದ್ದು ಯಾರು?"

ನಾದಿನಿ ನಕ್ಕಳು. "ಬಿಳಿ ಕೂದಲಿಗೆ ಬಣ್ಣ ಹಚ್ಚಿದ್ರೆ ವಯಸ್ಸು ಇಳಿಯುತ್ತಾ ಅಣ್ಣ? ಇದೂ ಹಾಗೇ. ಆ ಬಿಳಿ ಭಾಗದಲ್ಲಿ ಮರ ತನ್ನ ಆಹಾರ ಇಟ್ಕೊಂಡಿರುತ್ತೆ. ಅದೇ ಗೆದ್ದಲಿಗೂ ಊಟ. ಒಳಗಿನ ಕಂದು ಭಾಗಕ್ಕೆ ಚೇಗು ಅಂತಾರೆ. ಮರ ಬೆಳೀತಾ ಬೆಳೀತಾ ತೇಗದ ಚೇಗಿನಲ್ಲಿ ಗೆದ್ದಲಿಗೆ ಆಗದ ರಾಸಾಯನಿಕಗಳು ತುಂಬಿಕೊಳ್ತವೆ."

"ಗಟ್ಟಿ ಇರೋದಕ್ಕೆ ಅಲ್ವಾ ತಿನ್ನಲ್ಲ?" ಟೈಲರಕ್ಕ ಕೇಳಿದಳು.

"ಬರೀ ಗಟ್ಟಿತನ ಸಾಲದು. ಎಲ್ಲ ಮರದ ಚೇಗಿಗೂ ಈ ಗುಣ ಇಲ್ಲ. ಮಾವಿನ ಮರವನ್ನಂತೂ ಗೆದ್ದಲು ಆರಾಮಾಗಿ ತಿನ್ನುತ್ತೆ. ತೇಗದಲ್ಲೂ ಎಳೇ ಮರ ಆದ್ರೆ ಬಿಳಿ ಜಾಸ್ತಿ, ಚೇಗು ಕಮ್ಮಿ."

"ಪುಸ್ತಕದ ಮಾತು," ಎಂದ ಗಂಡ.

"ಪುಸ್ತಕ ಬೇಡ, ಗೆದ್ದಲನ್ನೇ ಕೇಳೋಣ," ಎಂದಳು ಟೈಲರಕ್ಕ.

ಅಂಗಡಿಯ ಹಿತ್ತಿಲಲ್ಲಿ ನೀರಿನ ತೊಟ್ಟಿಯ ಹಿಂದೆ ಗೆದ್ದಲು ಎದ್ದಿದ್ದ ಜಾಗದಲ್ಲಿ ಅವಳು ಬಡಗಿಯಿಂದ ತಂದ ಎರಡು ತುಂಡು ಹೂತಳು. ಒಂದು ಮಾವಿನದು, ಇನ್ನೊಂದು ಅರ್ಧ ಬಿಳಿ, ಅರ್ಧ ಚೇಗಿರುವ ತೇಗದ್ದು. ಬಟ್ಟೆಗಳು ಅಲ್ಲಿಯವರೆಗೆ ಮುಚ್ಚಳದ ಡಬ್ಬಗಳಿಗೆ ಹೋದವು. ತೆಗೆದು ನೋಡಬೇಕೆಂದು ಕೈ ತುರಿಸುತ್ತಿದ್ದರೂ ಅವಳು ಎರಡು ತಿಂಗಳು ತಡೆದುಕೊಂಡಳು.

ನಾದಿನಿಯನ್ನು ಕರೆಸಿ ಅಗೆದಾಗ ಮಾವಿನ ತುಂಡು ಹಿಡಿದ ಕೈಯಲ್ಲೇ ಪುಡಿಯಾಯಿತು. ತೇಗದ ಬಿಳಿ ಭಾಗ ಖಾಲಿಯಾಗಿತ್ತು. ಚೇಗಿನ ಮೇಲೆ ಅಲ್ಲಲ್ಲಿ ಕೆರೆದ ಗುರುತು, ಅಷ್ಟೇ. ಸೀಮೆಸುಣ್ಣದ ಗೆರೆ ಹಿಡಿದು ಕತ್ತರಿಸಿದಂತೆ ಗೆದ್ದಲು ಅಲ್ಲಿಗೇ ನಿಂತಿತ್ತು.

"ನನಗಿಂತ ಚೆನ್ನಾಗಿ ಕತ್ತರಿಸಿದೆ!" ಎಂದಳು ಟೈಲರಕ್ಕ.

ಗಂಡ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ ತಂಗಿಯನ್ನು ಕೇಳಿದ. "ಹಾಗಾದ್ರೆ ಪೂರ್ತಿ ಚೇಗಿನ ಕಪಾಟು ಮಾಡಿಸಿದ್ರೆ ಬಟ್ಟೆಗೆ ಭಯ ಇಲ್ಲ, ಅಲ್ವಾ ಪುಟ್ಟಿ?"

"ಇದೆ. ಚೇಗನ್ನ ತಿನ್ನದಿದ್ರೂ ಅದರ ಮೇಲೆ ಮಣ್ಣಿನ ದಾರಿ ಕಟ್ಕೊಂಡು ಬಟ್ಟೆ ತನಕ ಹತ್ತುತ್ತೆ. ಗೋಡೆಗೆ ತಾಗಿಸ್ಬೇಡಿ. ತೊಟ್ಟಿ ಸೋರಿ ಅಂಗಡಿ ಗೋಡೆಗೆ ತೇವ ಹಿಡಿದಿದೆ, ಅದನ್ನ ಮೊದ್ಲು ನಿಲ್ಲಿಸಿ."

ತೊಟ್ಟಿಯ ಸೋರಿಕೆ ನಿಂತಿತು. ಗೆದ್ದಲಿಗೆ ಮದ್ದಾಯಿತು. ಹೊಸ ಕಪಾಟಿನ ಹಲಗೆ ಆರಿಸಲು ಗಂಡನೇ ಮುಂದಾದ. ಬಡಗಿ ಪಾಲಿಶ್ ಡಬ್ಬ ಎತ್ತಿದಾಗ ಅವನು ಕೈ ಅಡ್ಡ ಹಿಡಿದ. "ತಾಳಪ್ಪ. ಬಣ್ಣ ಹಚ್ಚೋ ಮುಂಚೆ ಬುಡ ನೋಡ್ಬೇಕು. ನನ್ನ ಕಸುಬಲ್ಲೂ ಅದೇ." ಬಿಳಿ ಅಂಚು ಕೊಯ್ದು ತೆಗೆಸಿದ್ದರಿಂದ ಕಪಾಟು ಮೊದಲಿಗಿಂತ ಕಿರಿದಾಯಿತು. ಟೈಲರಕ್ಕ ಬಟ್ಟೆಗಳನ್ನು ಇನ್ನೊಂದು ಮಡಿಕೆ ಮಡಿಸಿಟ್ಟಳು.

ನೀವೂ ಬಾಗಿಲೋ ಕಪಾಟೋ ಮಾಡಿಸುವಾಗ ಮರದ ಹೆಸರು ಕೇಳಿ ಸುಮ್ಮನಾಗಬೇಡಿ. ಪಾಲಿಶ್‌ಗೆ ಮೊದಲು ಹಲಗೆಯ ನಾಲ್ಕೂ ಅಂಚು ನೋಡಿ. ಬಿಳಿ ಭಾಗವಿದ್ದರೆ ತೆಗೆಸಿ. ಮರವನ್ನು ತೇವದಿಂದ ದೂರವಿಡಿ, ಆಗಾಗ ಕಪಾಟಿನ ಹಿಂದೆಯೂ ಇಣುಕಿ. ಇವತ್ತೇ ನಿಮ್ಮ ಮನೆಯ ಕಪಾಟಿನ ಅಂಚನ್ನೊಮ್ಮೆ ಬೆರಳಿನಿಂದ ಒತ್ತಿ ನೋಡಿ.