ನಗಿಸುವವರ ಎದುರಿನ ಕುರ್ಚಿ

ನಾನು ಒಂದು ಮಡಚುವ ಕಬ್ಬಿಣದ ಕುರ್ಚಿ. ಹರಿಹರದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಹುಟ್ಟಿದೆ. ಬಣ್ಣ ಆರುವ ಮುನ್ನವೇ ದಾವಣಗೆರೆಯ ಶಾಮಿಯಾನದವರು ಬೆನ್ನಿಗೆ ನಂಬರು ಬರೆದು ಲಾರಿಗೆ ಎಸೆದರು. ಎಷ್ಟೋ ಮದುವೆಗಳಲ್ಲಿ ನಾನು ಖಾಲಿ ಇದ್ದರೂ ಕೆಲವರು ಗೋಡೆ ಪಕ್ಕ ನಿಂತೇ ಇರುತ್ತಿದ್ದರು. ಕೂರಬೇಡಿ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಊರು ಅವರನ್ನು ಪಳಗಿಸಿತ್ತು. ಕುರ್ಚಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಒಂದು ಕಾಲು ಸೊಟ್ಟಗಾದ ಮೇಲೆ ನನ್ನನ್ನು ಓದುಬಳಗದ ಕೋಣೆಗೆ ಕೊಟ್ಟರು. ಅಲ್ಲಿ ಪುಸ್ತಕ ಓದಿ ಜಗಳಾಡುತ್ತಿದ್ದ ನಾಲ್ವರು ಎಳೆಯರು ಹಾಸ್ಯದ ತಂಡ ಕಟ್ಟಿದರು. ಮುಂದಾಳು ನಾಜಿಯಾ ಒಂದು ಕಟ್ಟಳೆ ಮಾಡಿದಳು. ಯಾರ ಮೇಲೆ ಆಟ ಕಟ್ಟುತ್ತಾರೋ ಅವರನ್ನೇ ಕರೆದು ಮೊದಲು ನನ್ನ ಮೇಲೆ ಕೂರಿಸಬೇಕು. ಅವರು ನಕ್ಕರೆ ಆಟ ಉಳಿಯಿತು, ಇಲ್ಲವಾದರೆ ಕಸದ ಬುಟ್ಟಿಗೆ. ಆಟೋದವರು ಕೂತು ನಕ್ಕರು, ಕಂಡಕ್ಟರು ನಕ್ಕರು. ಒಬ್ಬ ಸ್ವಾಮಿಗಳು ಮಾತ್ರ ಮುಖ ಗಂಟಿಕ್ಕಿ ಎದ್ದುಹೋದರು. ಆ ಆಟವನ್ನು ನಾಜಿಯಾ ಉಳಿಸಿಕೊಂಡಳು. "ಪಲ್ಲಕ್ಕೀಲಿ ಕೂರೋರಿಗೆ ಈ ಕುರ್ಚಿ ರೂಲು ಇಲ್ಲ" ಅಂದಳು.

ಒಂದು ದಿನ ಟಿವಿಯವರು ಕರೆದರು. 'ಖಾರ ಮಂಡಕ್ಕಿ' ಎಂಬ ಹೆಸರಿಟ್ಟುಕೊಂಡು ತಂಡ ಬೆಂಗಳೂರಿನ ಸ್ಟುಡಿಯೋ ಸೇರಿತು. ನನ್ನನ್ನೂ ಬಸ್ಸಿನ ಮೇಲೆ ಹಾಕಿಕೊಂಡು ಹೋದರು. ಅಲ್ಲಿ ನನ್ನ ಮೇಲೆ ನಿರ್ದೇಶಕರೇ ಕೂತುಬಿಟ್ಟರು. ವಾರಕ್ಕೊಂದು ಕಂತು ಕೊಡಬೇಕಾದಾಗ ಯಾರನ್ನೆಲ್ಲ ಕರೆದು ಕೂರಿಸೋದು ಎಂದು ಅವರು ಕೇಳಿದಾಗ ನಾಜಿಯಾಳೂ ತನ್ನ ಕಟ್ಟಳೆಯನ್ನು ಬದಿಗಿಟ್ಟಳು.

ತಂಡದಲ್ಲಿ ಹಾಲೇಶನ ಕೈಕಾಲೇ ಮಾತಾಡುತ್ತಿದ್ದವು. ಅವನು ಬೀದಿ ಗುಡಿಸುವ ತಾಯಿ ತಿಪ್ಪಮ್ಮನ ಹಸಿರು ಕೋಟು ತೊಟ್ಟು, ಕುಡಿದು ವಾಲಾಡುವ ಪೊರಕೆಯವಳಾದ. ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು, ರಾಜ್ಯವೂ ನಕ್ಕಿತು. ಇತ್ತ ದಾವಣಗೆರೆಯಲ್ಲಿ ಕಾಲೇಜು ಹುಡುಗರು ತಿಪ್ಪಮ್ಮನ ಹಿಂದೆ ವಾಲಾಡುತ್ತ ನಡೆದರಂತೆ. ಅವಳು ಮಗನ ಫೋನು ಎತ್ತುವುದನ್ನೇ ಬಿಟ್ಟಳು. ಅತ್ತ ನಿರ್ದೇಶಕರು ಇನ್ನು ಪ್ರತಿ ವಾರವೂ ಪೊರಕೆಯವಳು ಬರಲೇಬೇಕು, ಇಲ್ಲದಿದ್ದರೆ ಕಾರ್ಯಕ್ರಮವೇ ಇಲ್ಲ ಎಂದರು.

ಹಾಲೇಶ ನನ್ನನ್ನು ಹೆಗಲಿಗೇರಿಸಿಕೊಂಡು ಊರಿಗೆ ಬಂದ. ಜೊತೆಗೇ ಬಂದಿದ್ದ ನಾಜಿಯಾ ಕಾಡಿ ಬೇಡಿ ತಿಪ್ಪಮ್ಮನನ್ನು ಕೋಣೆಗೆ ಕರೆತಂದಳು. ತಾಯಿ ನನ್ನ ಮೇಲೆ ಕೂತಳು, ಮಗ ಆಡಿ ತೋರಿಸಿದ. ನಗು ಬಾಯಿಗಿಂತ ಮೊದಲು ಸೊಂಟಕ್ಕೆ ಬರುತ್ತದೆ, ಅದು ಕುರ್ಚಿಗಷ್ಟೇ ಗೊತ್ತು. ಅವಳ ಸೊಂಟ ಕಲ್ಲಿನಂತಿತ್ತು.

"ನಡಿಗೆ ಸರಿಯಾಗೇ ಹಿಡ್ದೀಯ ಮಗ," ಅಂದಳು. "ಚರಂಡಿ ಚಪ್ಪಡಿ ನನ್ ಕಾಲ್ಮೇಲೆ ಬಿದ್ದಾಗ ನಿಂಗೆ ಆರು ವರ್ಷ. ನೀನು ಪಕ್ಕದಾಗೇ ನಿಂತು ಅಳ್ತಿದ್ದೆ. ಆವಾಗ್ನಿಂದ ಹಿಂಗೇ ನಡೀತೀನಿ. ಅದನ್ನ ಕುಡುಕಿ ನಡಿಗೆ ಯಾಕೆ ಮಾಡ್ದೆ?"

ಹಾಲೇಶ ಕೋಟು ಬಿಚ್ಚಿ ಮಡಚಿ ಅವಳ ತೊಡೆಯ ಮೇಲಿಟ್ಟ. ಅಲ್ಲೇ ನಿಂತು ನಿರ್ದೇಶಕರಿಗೆ ಫೋನು ಮಾಡಿ ಆಗುವುದಿಲ್ಲ ಎಂದ. 'ಖಾರ ಮಂಡಕ್ಕಿ' ನಿಂತಿತು. ಮರುತಿಂಗಳೇ ಚಾನೆಲ್ಲಿನವರು ಇನ್ಯಾರಿಗೋ ಹಸಿರು ಕೋಟು ಹೊಲಿಸಿದರು. ಅವರ ಮನೆಯಲ್ಲಿ ಪೊರಕೆ ಹಿಡಿದ ತಾಯಿ ಇರಲಿಲ್ಲ, ನಗಲು ಸಲೀಸಾಯಿತು.

ಈಗ ನನಗೆ ಮುಪ್ಪು. ಸೊಟ್ಟ ಕಾಲಿಗೆ ತಂತಿ ಬಿಗಿದು ಕೋಣೆಯ ಮೂಲೆಯಲ್ಲಿಟ್ಟಿದ್ದಾರೆ. ತಂಡ ಈಗ ಬೀದಿಯಲ್ಲಿ ಆಡುತ್ತದೆ. ಭಾನುವಾರ ತಿಪ್ಪಮ್ಮ ಬಂದು ಕೂತು ಹೊಸ ಆಟ ಕಲಿಸುತ್ತಾಳೆ. ಮೂಗಿಗೆ ಕರ್ಚೀಫು ಹಿಡಿದು ಜೀಪಿನಿಂದಿಳಿಯದೆ ಗುಡಿಸುವವರ ಹಾಜರಿ ಕೂಗುವ ಸಾಹೇಬರ ಆಟ ಅದು. ಸಾಹೇಬ ಹಾಲೇಶನೇ. "ಇನ್ನಾ ಬಿಗಿಯಾಗಿ ಹಿಡಿಯೋ, ಅವರಿಗೆ ನಮ್ಮ ಉಸಿರೂ ನಾರ್ತಿತ್ತು" ಅನ್ನುತ್ತಾಳೆ ತಾಯಿ. ಅವನು ಉಸಿರುಗಟ್ಟಿ ಕಣ್ಣು ಮೇಲೆ ಮಾಡುತ್ತಾನೆ. ಆಗ ಅವಳ ಸೊಂಟ ಅಲುಗುತ್ತದೆ, ನನ್ನ ತಿರುಪುಗಳೆಲ್ಲ ಕಿರುಗುಟ್ಟುತ್ತವೆ. ಇನ್ನೆಷ್ಟು ದಿನ ತಡೆದೇನೋ ಗೊತ್ತಿಲ್ಲ. ಮುರಿಯುವುದಾದರೆ ಹೀಗೊಬ್ಬಳು ನಗುವಾಗಲೇ ಮುರಿಯಲಿ.